ಕೇಳಿಸಿತು, ಬರುತ್ತಿದ್ದೇನೆ

ಅವನಿಗೆ ‘ಲೋಡಿಂಗ್’ ಅಂತ ಹೆಸರಿಟ್ಟವಳು ಅವಳೇ.

ಕೆಲಸಕ್ಕೆ ಸೇರಿದ ದಿನ ಸೀದಾ ಕಿಟಕಿ ಪಕ್ಕದ ಮೇಜಿಗೆ ಬಂದು, “ಈ ಸೀಟು ಖಾಲಿನಾ?” ಎಂದು ಕೇಳಿದ್ದಳು. ಅವನು ಮುಖ ಎತ್ತಿದ. ಕುರ್ಚಿಯನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಕುರ್ಚಿಯನ್ನು ನೋಡಿದ. ಅಷ್ಟರಲ್ಲಿ ಅವಳು ಬ್ಯಾಗು ಇಳಿಸಿ, ಲ್ಯಾಪ್‌ಟಾಪ್ ತೆರೆದು, ಎದುರಿನವರಿಂದ ವೈಫೈ ಪಾಸ್‌ವರ್ಡ್ ಕೇಳಿ ಹಾಕಿಕೊಂಡಾಗಿತ್ತು. ಆಮೇಲೆ ಅವನು, “ಹೂಂ, ಖಾಲಿ” ಅಂದ.

“ಏನ್ರೀ ಇದು, ಲೋಡಿಂಗಾ?” ಎಂದಳು. ಸುತ್ತಲಿನವರು ನಕ್ಕರು. ಅವನೂ ನಕ್ಕ, ಎಲ್ಲರೂ ನಕ್ಕು ಮುಗಿಸಿದ ಮೇಲೆ. ಹೆಸರು ಅಂಟಿಕೊಂಡಿತು.

ಅವಳಿಗೆ ‘ಮಿಕ್ಸಿ’ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಹುಡುಕುವ ಅಗತ್ಯವೂ ಇರಲಿಲ್ಲ, ಅವಳ ಪಕ್ಕ ಒಂದು ಗಂಟೆ ಕೂತವರು ಯಾರು ಬೇಕಾದರೂ ಆ ಹೆಸರು ಇಡಬಹುದಿತ್ತು. ಇಬ್ಬರೂ ಮೂರನೇ ಮಹಡಿಯ ಒಂದು ಚಿಕ್ಕ ಕಂಪನಿಯಲ್ಲಿ ಆ್ಯಪ್ ಕಟ್ಟುವವರು.

ಅವನು ಮಂದ ಅಲ್ಲ. ಮೊಸರಿನಲ್ಲಿ ಕಲ್ಲು ಹುಡುಕುವವರಿಗೂ ಅವನ ಕೋಡಿನಲ್ಲಿ ಕಲ್ಲು ಸಿಗುತ್ತಿರಲಿಲ್ಲ. ಬಾಯಿಬಿಟ್ಟು ಹೇಳಬೇಕಾದಾಗ ಮಾತ್ರ, ಉತ್ತರ ಎಲ್ಲೋ ಒಳಮನೆಯಿಂದ ಎದ್ದು, ಚಪ್ಪಲಿ ಹುಡುಕಿ, ಬಾಗಿಲಿಗೆ ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಮೆಸೇಜಿನಲ್ಲಿ ಇನ್ನೂ ಕಷ್ಟ. ಏನೋ ಟೈಪ್ ಮಾಡುತ್ತಿದ್ದಾನೆ ಎಂದು ಫೋನು ತೋರಿಸಿ ತೋರಿಸಿ, ಕೊನೆಗೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತಿತ್ತು.

ಅವಳಿಗೋ ಮೌನ ಎಂದರೆ ಒಲೆಯ ಮೇಲಿನ ಹಾಲು. ಉಕ್ಕುವ ಮೊದಲು ಯಾರಾದರೂ ಇಳಿಸಬೇಕು. ಯಾರೂ ಇಳಿಸದಿದ್ದರೆ ತಾನೇ ಓಡಿ ಇಳಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಕುರ್ಚಿ ತಿರುಗಿಸಿ ಅವಳತ್ತ ಕೂತ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

“ನನಗೆ... ನಿನ್ನ...”

“ಚಾರ್ಜರ್ ಬೇಕಾ? ತಗೋ ಮಾರಾಯ, ಅದಕ್ಕೆ ಇಷ್ಟೊಂದು ಸಂಕೋಚನಾ? ಮನೇಲಿ ಇನ್ನೊಂದಿದೆ, ಇಟ್ಕೋ.”

ಅವನು ಚಾರ್ಜರನ್ನು ನೋಡಿದ. “ಥ್ಯಾಂಕ್ಸ್” ಅಂದ. ಅವನ ಫೋನಿಗೆ ಆ ಚಾರ್ಜರ್ ಹೊಂದುತ್ತಲೂ ಇರಲಿಲ್ಲ.

ಇನ್ನೊಂದು ಸಲ ಊಟದ ಹೊತ್ತಿಗೆ ಅವನು ತಟ್ಟೆ ಮುಟ್ಟದೆ ಅವಳನ್ನೇ ನೋಡುತ್ತಾ, “ನಿನ್ನ ನೋಡಿದ್ರೆ ನನಗೆ...” ಎಂದು ಶುರುಮಾಡಿದ. “ತಲೆನೋವು ತಾನೇ? ನನ್ನ ಮಾತು ಕೇಳಿದವರಿಗೆಲ್ಲ ಬರುತ್ತೆ ಬಿಡು” ಎಂದು ಅವಳು ಬ್ಯಾಗಿನಿಂದ ಮಾತ್ರೆಯ ಪಟ್ಟಿ ತೆಗೆದುಕೊಟ್ಟಳು. ತುಂತುರು ಹನಿಯುತ್ತಿದ್ದ ಒಂದು ಸಂಜೆ ಗೇಟಿನ ಹತ್ತಿರ, “ನಾವಿಬ್ಬರೂ ಒಟ್ಟಿಗೆ...” ಎಂದಾಗ, “ಒಟ್ಟಿಗೆ ಈ ಕೊಡೇಲಿ ಹಿಡಿಸಲ್ಲ ಕಣೋ, ನೀನೇ ತಗೋ, ನನ್ನ ಬಸ್ ಬಂತು” ಎಂದು ಹೂವಿನ ಚಿತ್ತಾರದ ಕೊಡೆಯನ್ನು ಅವನ ಕೈಗೆ ತುರುಕಿ ಓಡಿದಳು. ಅದು ಅವಳದೂ ಅಲ್ಲ, ಅಮ್ಮನದು. ಅಂದಿನಿಂದ ಮನೆಯಲ್ಲಿ ದಿನಾ ಬೆಳಗ್ಗೆ ಒಂದೇ ಪ್ರಶ್ನೆ.

“ನನ್ನ ಕೊಡೆ ಎಲ್ಲೇ?”

“ಆಫೀಸಲ್ಲಿದೆ ಅಮ್ಮ, ತರ್ತೀನಿ.”

“ಆಫೀಸಿಗೆ ಕೊಡೆ ಯಾಕೆ, ಅಲ್ಲಿ ಸೂರು ಸೋರುತ್ತಾ?”

ಅಮ್ಮನೂ ಇವಳ ಹಾಗೆಯೇ. ಅಥವಾ ಇವಳು ಅಮ್ಮನ ಹಾಗೆ. ಆ ಮನೆಯಲ್ಲಿ ಒಂದು ವಾಕ್ಯವನ್ನು ಶುರುಮಾಡಿದವರೇ ಮುಗಿಸಿದ ಉದಾಹರಣೆ ಕಡಿಮೆ.

ಹಾಗಾದರೆ ಅವಳಿಗೆ ಅವನ ಮೇಲೆ ಏನೂ ಇರಲಿಲ್ಲವೇ? ಇತ್ತು. ಧಾರಾಳವಾಗಿತ್ತು. ಮಧ್ಯಾಹ್ನದ ಬಿಸಿಲು ಅವಳ ಲ್ಯಾಪ್‌ಟಾಪಿನ ಮೇಲೆ ಬೀಳುವ ಹೊತ್ತಿಗೆ ಅವನು ಏನೂ ಹೇಳದೆ ಎದ್ದುಹೋಗಿ ಕಿಟಕಿಯ ಪರದೆ ಎಳೆಯುತ್ತಿದ್ದ. ಅವನು ಎದ್ದು ನಿಂತಾಗ ಅವಳು ಕೀಬೋರ್ಡಿನತ್ತ ಬಗ್ಗಿ ನಗು ಮುಚ್ಚಿಕೊಳ್ಳುತ್ತಿದ್ದಳು. ಆದರೆ ಅವನಿಗೆ ತಾನೊಂದು ಗಲಾಟೆ, ಪಾಪ ಸಹಿಸಿಕೊಂಡಿದ್ದಾನೆ ಎಂದು ಅವಳು ನಂಬಿದ್ದಳು. ನಂಬಿದ ಮೇಲೆ ಅದನ್ನು ಮಾತಿನಿಂದ ಮುಚ್ಚುವುದು ಅವಳಿಗೆ ಗೊತ್ತಿದ್ದ ಒಂದೇ ದಾರಿ.

* * *

ಆ ವರ್ಷ ಇಬ್ಬರಿಗೂ ಸೇರಿ ಒಂದು ಕೆಲಸ ಬಂತು. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಒಂದು ಸೆಂಟರ್. ಅದನ್ನು ನಡೆಸುವವರು ಒಬ್ಬ ಸ್ಪೀಚ್ ಥೆರಪಿಸ್ಟ್, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಕನ್ನಡಕ ಹುಡುಕುವ ಮಹಿಳೆ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಟ್ಯಾಬ್ಲೆಟ್‌ನಲ್ಲಿ ಚಿತ್ರ ಬರಬೇಕು, ರೋಗಿ ಅದನ್ನು ನೋಡಿ ಪದ ಹೇಳಬೇಕು, ಯಾರು ಯಾವ ಪದ ಎಷ್ಟು ಕಷ್ಟಪಟ್ಟು ಹೇಳಿದರು ಎಂಬುದು ಉಳಿಯಬೇಕು. ಒಬ್ಬರ ಪದ ಇನ್ನೊಬ್ಬರ ಲೆಕ್ಕಕ್ಕೆ ಹೋಗಬಾರದು. ರೋಗಿ, ಪದ, ಅಭ್ಯಾಸ, ಥೆರಪಿಸ್ಟ್, ಎಲ್ಲವೂ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡ ಕೋಷ್ಟಕಗಳು. ಅಂಥವನ್ನು ಒಟ್ಟಿಗೆ ಇಡುವ ರಿಲೇಷನಲ್ ಡೇಟಾಬೇಸ್ ಬೇಕು ಎಂಬುದರಲ್ಲಿ ಜಗಳ ಇರಲಿಲ್ಲ. ಯಾವುದು ಎಂಬುದರಲ್ಲಿ ಇತ್ತು.

“ಸರ್ವರ್‌ಲೆಸ್,” ಅಂದಳು ಅವಳು. “ಕೆಲಸ ಇದ್ದಾಗ ಏಳುತ್ತೆ, ಇಲ್ದಾಗ ಮಲಗುತ್ತೆ. ಜನ ಜಾಸ್ತಿ ಬಂದ್ರೆ ತಾನೇ ದೊಡ್ಡದಾಗುತ್ತೆ. ಅದನ್ನ ನೋಡ್ಕೊಳ್ಳೋಕೆ ಅಂತ ಯಾರೂ ಬೇಡ.”

ಅವನು ಗೋಡೆ ನೋಡಿದ. ಪೆನ್ನಿನ ಮುಚ್ಚಳ ತೆಗೆದ. “ಎದ್ದೇಳೋಕೆ... ಹೊತ್ತು...”

“ಹೊತ್ತು ಹಿಡಿಯುತ್ತೆ ಅಂತ ತಾನೇ? ಎರಡು ಮೂರು ಸೆಕೆಂಡ್ ಕಣೋ! ನಿನಗಿಂತ ಎಷ್ಟೋ ಬೇಗ!”

ಅವನ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಅವಳಿಗೆ ಆ ತುದಿ ಬಹಳ ಇಷ್ಟ. ಅದು ಕಾಣಲಿ ಎಂದೇ ಅರ್ಧ ಜೋಕುಗಳನ್ನು ಹೊಡೆಯುತ್ತಿದ್ದಳು.

ಅವನ ಆಯ್ಕೆ ಸದಾ ಎಚ್ಚರವಿರುವ ಮಾಮೂಲಿ ಡೇಟಾಬೇಸ್. ಯಾವಾಗ ಕೇಳಿದರೂ ತಕ್ಷಣ ಉತ್ತರ, ಆದರೆ ಯಾರೂ ಕೇಳದಿದ್ದರೂ ಎದ್ದು ಕೂತಿರಬೇಕು, ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ಇಬ್ಬರ ವಾದ ಕೇಳಿ ಬಾಸ್ ಕೈಚೆಲ್ಲಿದರು. “ಎರಡನ್ನೂ ಪರೀಕ್ಷೆ ಮಾಡಿ, ಶುಕ್ರವಾರ ಮೇಡಂ ಮುಂದೆ ಒಂದನ್ನ ಹೇಳಿ. ಅಲ್ಲಿವರೆಗೆ ನನ್ನ ತಲೆ ತಿನ್ಬೇಡಿ.” ಮುಂದಿನ ಸೋಮವಾರದಿಂದ ರೋಗಿಗಳು ಬಳಸಬೇಕಿತ್ತು.

ಮೊದಲ ಡೆಮೊ ಆ ವಾರದ ಸೋಮವಾರವೇ ಇತ್ತು, ಅವಳ ಡೇಟಾಬೇಸಿನದು. ಮೇಡಂ ಆಫೀಸಿಗೆ ಬಂದು ಕೂತರು. ಅವಳು ಉತ್ಸಾಹದಿಂದ ಪರದೆ ಮುಟ್ಟಿದಳು. ಬೆಳಗ್ಗೆಯಿಂದ ಯಾರೂ ಮುಟ್ಟದ ಡೇಟಾಬೇಸ್ ಗಾಢ ನಿದ್ದೆಯಲ್ಲಿತ್ತು. ಪರದೆಯ ನಡುವೆ ಒಂದು ಸಣ್ಣ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

“ಇದು, ಅಂದ್ರೆ, ಈಗ ಏಳ್ತಾ ಇದೆ, ಮೊದಲ ಸಲ ಮಾತ್ರ ಹೀಗೆ, ಆಮೇಲೆ ನೋಡಿ ನೀವು, ಅಂದ್ರೆ ನಾವೂ ಬೆಳಗ್ಗೆ ಎದ್ದ ತಕ್ಷಣ...”

ಆರು ಸೆಕೆಂಡೇನೋ ಆಗಿರಬೇಕು. ಅಷ್ಟರಲ್ಲಿ ಅವಳು ಒಂದು ಪುಟ ಮಾತಾಡಿದ್ದಳು. ಮೇಡಂ ಪರದೆಯನ್ನು ಬಿಟ್ಟು ಅವಳನ್ನೇ ಕುತೂಹಲದಿಂದ ನೋಡುತ್ತಿದ್ದರು. ಅವಳ ಕಿವಿಗಳು ಕೆಂಪಾದವು. ಮೊದಲು ಬಲದ್ದು, ಆಮೇಲೆ ಎಡದ್ದು. ಪಕ್ಕದಲ್ಲಿ ಕೂತಿದ್ದ ಅವನು ಆ ಕಿವಿಗಳನ್ನು ನೋಡಿದ. ಅವಳ ಕಡೆ ನೀರಿನ ಲೋಟ ಸರಿಸಿದ.

ಮಾರನೇ ದಿನದಿಂದ ಪವಾಡ. ಅವಳು ಯಾವಾಗ ಪರೀಕ್ಷೆ ಮಾಡಿದರೂ ಉತ್ತರ ತಟ್ಟನೆ ಬಂತು. ಕಾಫಿಗೆ ಮುಂಚೆ, ಕಾಫಿಯ ನಂತರ, ಬೆಳಗ್ಗೆ ಬಂದ ಕೂಡಲೇ, ಎಲ್ಲ ಸಲವೂ. ಅವಳು ಕುರ್ಚಿಯಲ್ಲೇ ಕುಣಿದಳು. ಮೇಡಂಗೆ ಫೋನ್ ಮಾಡಿ, “ಸೋಮವಾರದ್ದು ಏನೋ ಅಪರೂಪಕ್ಕೆ ಆಗಿದ್ದು ಮೇಡಂ. ಕಣ್ಣು ಮಿಟುಕಿಸೋದ್ರೊಳಗೆ ಏಳುತ್ತೆ. ನನ್ನ ಮಾತು ನಂಬಿ” ಎಂದು ಹೇಳಿಬಿಟ್ಟಳು. ಮೇಡಂ, “ನೀವು ಹೇಳಿದ ಮೇಲೆ ಆಯ್ತು” ಎಂದರು.

“ನೋಡಿದ್ಯಾ?” ಎಂದು ಅವನತ್ತ ತಿರುಗಿ ಹುಬ್ಬು ಹಾರಿಸಿದಳು. ಅವನು ನೋಡಿದ. ಏನೋ ಹೇಳಲು ಹೋದ. “ಸೋತೆ ಅಂತ ಒಪ್ಕೋ, ಸಾಕು!” ಎಂದು ಅವಳೇ ಮುಗಿಸಿದಳು.

* * *

ಗುರುವಾರ ಮಧ್ಯಾಹ್ನ ಅವಳು ಡೇಟಾಬೇಸಿನ ಬಳಕೆಯ ಗ್ರಾಫ್ ತೆರೆದಳು. ಅದರಲ್ಲಿ ಏರು ಇಳಿವು ಇರಬೇಕಿತ್ತು. ಎಚ್ಚರವಿದ್ದಾಗ ಏರು, ಮಲಗಿದಾಗ ನೆಲ ಮುಟ್ಟುವ ಇಳಿವು. ಆದರೆ ಮಂಗಳವಾರದಿಂದ ಈಚೆಗೆ ಗೆರೆ ಹಾಸಿದ ಚಾಪೆಯ ಹಾಗೆ ಸಪಾಟಾಗಿತ್ತು. ಮಲಗಿಯೇ ಇರಲಿಲ್ಲ ಅದು.

ಯಾರು ಎಬ್ಬಿಸುತ್ತಿದ್ದಾರೆ ಎಂದು ಹುಡುಕಿದಳು. ಎಲ್ಲೋ ಮೂಲೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮು ಕೂತಿತ್ತು. ಕೆಲವು ನಿಮಿಷಗಳಿಗೊಮ್ಮೆ ಡೇಟಾಬೇಸಿನ ಬಾಗಿಲು ತಟ್ಟಿ, ಏನನ್ನೂ ಕೇಳದೆ, ಇದ್ದೀಯಾ ಎಂದಷ್ಟೇ ವಿಚಾರಿಸಿ ಬರುವುದು ಅದರ ಕೆಲಸ. ಮಲಗಿದ ಮಗುವನ್ನು ನಿದ್ದೆ ಬಂತಾ ಎಂದು ಕೇಳಿ ಕೇಳಿ ಎಬ್ಬಿಸುವವರಂತೆ. ಬರೆದವನ ಹೆಸರಿನ ಜಾಗದಲ್ಲಿ ಅವನ ಹೆಸರಿತ್ತು.

ಮೂರು ದಿನದ ಅವಳ ಅಳತೆಗಳೆಲ್ಲ ಸುಳ್ಳು. ಮೇಡಂಗೆ ಕೊಟ್ಟ ಮಾತೂ ಸುಳ್ಳು.

“ಇದನ್ನ ಯಾರು ಹಾಕಿದ್ದು?” ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು.

“ನಾನು,” ಎಂದ. ಈ ಒಂದು ಉತ್ತರ ಮಾತ್ರ ತಡವಾಗಲಿಲ್ಲ.

“ಯಾಕೆ?”

ಅವನು ಬಾಯಿ ತೆರೆದ. ಅವಳ ಮುಖ ನೋಡಿ ಪದಗಳು ಇನ್ನಷ್ಟು ಒಳಗೆ ಓಡಿದವು. “ಸೋಮವಾರ... ನಿನ್ನ...”

“ನನ್ನ ಮೇಲೆ ನಂಬಿಕೆ ಇರ್ಲಿಲ್ಲ. ಅಷ್ಟೇ ತಾನೇ?”

“ಅಲ್ಲ. ನಿನ್ನ...”

“ನನ್ನ ಡೇಟಾಬೇಸ್ ಹೇಗಿದ್ರೂ ಸೋಲುತ್ತೆ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಪಾಪ, ಸೋತ್ರೆ ಅಳ್ತಾಳೆ ಅಂತ ಹಿಂದಿನಿಂದ ಊರುಗೋಲು ಕೊಟ್ಟೆ. ನಾನು ಇಲ್ಲಿ ಹುಚ್ಚಿ ಹಾಗೆ ಕುಣೀತಿದ್ದೆ, ನೀನು ನೋಡ್ತಾ ಕೂತಿದ್ದೆ. ಮೇಡಂಗೆ ನನ್ನ ಮಾತು ನಂಬಿ ಅಂದಿದ್ದೀನಿ! ನಾಳೆ ಯಾವ ಮುಖ ಇಟ್ಕೊಂಡು ಹೋಗ್ಲಿ?”

“ನಾನು ಹೇಳೋದು...”

“ಏನೂ ಹೇಳ್ಬೇಡ.”

ಅವಳು ಕಿಟಕಿಯತ್ತ ಮುಖ ಮಾಡಿ, ತುಟಿ ಬಿಗಿದು ಕೂತಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದು ಎಂಬುದಷ್ಟೇ ಆಗ ಅವಳಿಗೆ ಬೇಕಿತ್ತು. ಬಹಳ ಹೊತ್ತಿನ ಮೇಲೆ ಬೆನ್ನ ಹಿಂದಿನಿಂದ ಅವನ ಧ್ವನಿ ಬಂತು.

“ನಾನು ಬಾಸ್ ಹತ್ರ... ನಾಲ್ಕನೇ ಮಹಡಿ ಟೀಮಿಗೆ... ಕಳಿಸಿ ಅಂತ ಕೇಳ್ತೀನಿ. ನಿನಗೆ ತೊಂದರೆ ಬೇಡ.”

ಅವನ ಮಾತನ್ನು ಅವಳು ಕೊನೆಯವರೆಗೂ ಹೇಳಲು ಬಿಟ್ಟದ್ದು ಅದೇ ಮೊದಲು. ಅದೂ ಇಂಥ ಮಾತನ್ನು.

ಆ ರಾತ್ರಿ ಅಮ್ಮ, “ಕೊಡೆ?” ಎಂದಾಗ ಅವಳು ಉತ್ತರವನ್ನೇ ಕೊಡಲಿಲ್ಲ. ಅಮ್ಮ ಹಣೆ ಮುಟ್ಟಿ ಜ್ವರ ನೋಡಿದಳು.

* * *

ಶುಕ್ರವಾರ ಬೆಳಗ್ಗೆ ಆಫೀಸಿಗೆ ಹೋಗದೆ ಸೀದಾ ಸೆಂಟರಿಗೆ ಹೋದಳು. ಬಾಗಿಲು ತಟ್ಟುವ ಆ ಪ್ರೋಗ್ರಾಮನ್ನು ತೆಗೆದುಹಾಕಿದ್ದಳು. ಸತ್ಯ ಹೇಳಿ, ಬೈಸಿಕೊಂಡು, ಬೇಕಾದರೆ ಕೆಲಸವನ್ನೇ ಕಳೆದುಕೊಂಡು ಬರುವುದು ಎಂದು ತೀರ್ಮಾನಿಸಿದ್ದಳು.

“ಕೂತ್ಕೊಳ್ಳಿ, ಇವರದ್ದು ಮುಗಿಸ್ತೀನಿ,” ಎಂದರು ಮೇಡಂ.

ಚಿಕ್ಕ ಕೋಣೆ. ಬಿಳಿ ಗೋಡೆ, ದುಂಡು ಮೇಜು, ತೆರೆದ ಕಿಟಕಿ. ಕುರ್ಚಿಯಲ್ಲಿ ಒಬ್ಬ ಅಜ್ಜ, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಪಕ್ಕದಲ್ಲಿ ಅವರ ಹೆಂಡತಿ, ತೊಡೆಯ ಮೇಲೆ ನೀರಿನ ಬಾಟಲಿ ಹಿಡಿದು ಸಜ್ಜಾಗಿ ಕೂತಿದ್ದರು. ಅಜ್ಜ ಎಡಗೈ ಎತ್ತಿದರು. ಬಾಯಿ ಅಲುಗಿತು, ಸ್ವರ ಬರಲಿಲ್ಲ.

“ನೀರು. ನೀರು ಕೇಳ್ತಿದ್ದಾರೆ,” ಎಂದು ಅಜ್ಜಿ ಆಗಲೇ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

ಮೇಡಂ ಒಂದು ಬೆರಳು ಎತ್ತಿದರು. “ಸ್ವಲ್ಪ ತಾಳಿ ಅಮ್ಮ. ಅವರು ಹೇಳ್ತಾರೆ.”

ಅಜ್ಜಿಯ ಕೈ ಮುಚ್ಚಳದ ಮೇಲೆ ಚಡಪಡಿಸಿತು. ಮೂಲೆಯಲ್ಲಿ ಕೂತ ಇವಳ ನಾಲಿಗೆಯ ಮೇಲೂ ಹತ್ತು ಪದಗಳು ಸಾಲುಗಟ್ಟಿದ್ದವು. ನೀರಾ, ಮಾತ್ರೆಯಾ, ಬಾತ್‌ರೂಮಾ? ಅಜ್ಜನ ಹಣೆಯಲ್ಲಿ ಬೆವರು ಮೂಡಿತು. ಮೇಡಂ ಮಾತ್ರ ಬಸ್ಸಿಗೆ ಕಾಯುವವರಂತೆ ಆರಾಮಾಗಿ ಅವರ ಮುಖ ನೋಡುತ್ತಾ ಕೂತಿದ್ದರು.

“ಕಿ...” ಎಂದರು ಅಜ್ಜ. “ಕಿಟ... ಕಿ. ಮು... ಮುಚ್ಚು.”

ಗಾಳಿ ಅವರ ಕತ್ತಿಗೇ ಬಡಿಯುತ್ತಿತ್ತು.

ಅಜ್ಜಿ ಬಾಟಲಿ ಕೆಳಗಿಟ್ಟರು. “ಅಯ್ಯೋ ದೇವರೇ. ಮನೇಲೂ ಇವರ ಕುರ್ಚಿ ಕಿಟಕಿ ಪಕ್ಕಾನೇ ಇರೋದು. ಕೈ ಎತ್ತಿದಾಗೆಲ್ಲ ನೀರು ಕುಡಿಸಿದ್ದೀನಿ. ಪಾಪ, ಕುಡಿದ್ರು ಕಣಮ್ಮ, ಒಂದು ಸಲಾನೂ ಬೇಡ ಅನ್ಲಿಲ್ಲ!”

ಅಜ್ಜ ಅರ್ಧ ಮುಖದಲ್ಲಿ ನಕ್ಕರು. ತುಟಿಯ ಒಂದು ತುದಿ ಮಾತ್ರ ಮೇಲೆ ಹೋಯಿತು.

ಇವಳು ಎದ್ದು ಹೋಗಿ ಕಿಟಕಿ ಮುಚ್ಚಿದಳು. ಚಿಲಕ ಹಾಕಿದ ಮೇಲೂ ಅಲ್ಲೇ ನಿಂತಳು. ಅವನ ಫೋನಿಗೆ ಹೊಂದದ ಚಾರ್ಜರ್ ನೆನಪಾಯಿತು. ತಲೆನೋವೇ ಇಲ್ಲದವನಿಗೆ ಕೊಟ್ಟ ಮಾತ್ರೆ ನೆನಪಾಯಿತು. ತುಂತುರಿನಲ್ಲಿ ಹೂವಿನ ಕೊಡೆ ಹಿಡಿದು, ಹೋಗುತ್ತಿದ್ದ ಬಸ್ಸನ್ನೇ ನೋಡುತ್ತಾ ನಿಂತಿದ್ದವನ ಮುಖ ನೆನಪಾಯಿತು. ಒಂದು ಸಲವೂ ಬೇಡ ಅನ್ನಲಿಲ್ಲ ಅವನು. ಅವಳಿಗೆ ತನ್ನ ಮೇಲೇ ಅಳು ಬಂತು, ಕೋಪವೂ ಬಂತು.

“ಮೇಡಂ, ನಾನು ಹೇಳಿದ್ದು ಸುಳ್ಳು,” ಎಂದಳು ತಿರುಗಿ. “ಕಣ್ಣು ಮಿಟುಕಿಸೋದ್ರೊಳಗೆ ಏಳಲ್ಲ ಅದು. ಎಷ್ಟೋ ಹೊತ್ತು ಯಾರೂ ಮುಟ್ಟದೆ ಇದ್ರೆ, ಮೊದಲ ಸಲ ಐದಾರು ಸೆಕೆಂಡ್ ಹಿಡಿಯುತ್ತೆ. ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಆದ್ರೆ ನಂಬಿ ಅಂತ ಹೇಳೋಕೆ ಮುಂಚೆ ತಿಳ್ಕೋಬೇಕಿತ್ತು.”

ಮೇಡಂ ಬೈಯಲಿಲ್ಲ. ಟ್ಯಾಬ್ಲೆಟನ್ನು ಅಜ್ಜನ ಮುಂದೆ ಇಟ್ಟರು. “ನೋಡೋಣ ಬನ್ನಿ.”

ಅಜ್ಜ ಎಡಗೈ ಬೆರಳಿನಿಂದ ಮುಟ್ಟಿದರು. ಚಕ್ರ ತಿರುಗಿತು. ಅಜ್ಜ ಮತ್ತೆ ಮುಟ್ಟಿದರು. ಮತ್ತೆ, ಮತ್ತೆ. ಆಮೇಲೆ ಬಿಸಿ ಮುಟ್ಟಿದವರಂತೆ ಕೈ ಹಿಂದೆಳೆದುಕೊಂಡು ತಪ್ಪು ಮಾಡಿದವರ ಹಾಗೆ ಹೆಂಡತಿಯನ್ನು ನೋಡಿದರು. ಅಷ್ಟರಲ್ಲಿ ಚಿತ್ರ ಬಂತು, ಆದರೆ ಅವರು ಅತ್ತ ನೋಡಲೇ ಇಲ್ಲ.

“ಗೊತ್ತಾಯ್ತಾ?” ಎಂದರು ಮೇಡಂ. “ಹೊತ್ತು ಹಿಡಿದದ್ದು ತೊಂದರೆ ಅಲ್ಲ. ನನ್ನ ಜನ ಒಂದು ಪದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಕಾಯ್ತಾರೆ. ಕಾಯೋದು ಕಷ್ಟ ಅಲ್ಲ. ಕೇಳಿಸ್ತೋ ಇಲ್ವೋ ಗೊತ್ತಾಗದೆ ಕಾಯೋದು ಕಷ್ಟ. ಆ ಸುತ್ತೋ ಚಕ್ರ ತೆಗೀರಿ. ಅಲ್ಲಿ ದೊಡ್ಡ ಅಕ್ಷರದಲ್ಲಿ ಬರೀರಿ: ‘ಕೇಳಿಸಿತು, ಬರುತ್ತಿದ್ದೇನೆ.’ ಓದೋಕಾಗದವರಿಗೆ ಅದನ್ನೇ ಧ್ವನಿಯಲ್ಲಿ ಹೇಳಿಸಿ.”

“ಅಂದ್ರೆ... ಯಾವ ಡೇಟಾಬೇಸ್?”

“ಮಲಗೋದನ್ನೇ ಹಾಕಿ. ಬೆಳಗ್ಗೆ ಎಲ್ಲ ಥೆರಪಿಸ್ಟ್‌ಗಳೂ ಒಟ್ಟಿಗೆ ಬಂದಾಗ ಅದು ದೊಡ್ಡದಾಗಬೇಕು, ಮಧ್ಯಾಹ್ನ ಯಾರೂ ಇಲ್ದಾಗ ಸುಮ್ಮನಿರಬೇಕು. ದಿನವಿಡೀ ಅದರ ಯೋಗಕ್ಷೇಮ ನೋಡ್ಕೊಳ್ಳೋಕೆ ನನ್ನ ಹತ್ರ ಜನ ಎಲ್ಲಿದ್ದಾರೆ?” ಮೇಡಂ ಮೇಜಿನ ಮೇಲೆಲ್ಲ ಕನ್ನಡಕ ಹುಡುಕುತ್ತಾ ಹೇಳಿದರು. “ತಾಳಿದವನು ಬಾಳಿಯಾನು. ಮಲಗೋದು ಅದರ ಸ್ವಭಾವ ಅಂತ ಮೊದಲೇ ಹೇಳಿದ್ರೆ ಯಾರಿಗೂ ಬೇಜಾರಿಲ್ಲ.”

“ನಿಮ್ಮ ತಲೆ ಮೇ...” ಎಂದು ಹೊರಟವಳು ಬಾಯಿ ಮುಚ್ಚಿಕೊಂಡಳು. ಮೇಡಂ ತಲೆ ಸವರಿಕೊಂಡು ತಾವೇ ಕನ್ನಡಕ ಕಂಡುಕೊಂಡರು.

* * *

ಆಫೀಸಿಗೆ ಬಂದಾಗ ಅವನು ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದ. ರಟ್ಟಿನ ಡಬ್ಬಿಯೊಂದು ಕುರ್ಚಿಯ ಮೇಲಿತ್ತು. ಮೇಡಂ ಒಪ್ಪಿದ್ದು, ಚಕ್ರದ ಜಾಗಕ್ಕೆ ಮಾತು ಬರಬೇಕಾದದ್ದು, ಅಜ್ಜನ ಕಿಟಕಿ, ಹೇಳಬೇಕಾದ ಸಮಾಚಾರ ಗಂಟಲವರೆಗೂ ತುಂಬಿತ್ತು. ಅದೆಲ್ಲವನ್ನೂ ನುಂಗಿ ಅವಳು ತನ್ನ ಕುರ್ಚಿ ಎಳೆದು ಅವನ ಎದುರು ಕೂತಳು.

“ನಿನ್ನೆ ನೀನು ಏನೋ ಹೇಳ್ತಿದ್ದೆ. ಹೇಳು.”

ಅವನು ಅವಳನ್ನು ನೋಡಿದ.

“ನಾನು ಮಧ್ಯೆ ಬಾಯಿ ಹಾಕಲ್ಲ. ಎಷ್ಟು ಹೊತ್ತಾದ್ರೂ ಸರಿ.”

ಅವನು ಪೆನ್ನು ಹುಡುಕಿದ. ಅದು ಡಬ್ಬಿಯೊಳಗೆ ಹೋಗಿತ್ತು. ಕೈಗೆ ಏನು ಮಾಡುವುದು ಎಂದು ತಿಳಿಯದೆ ಎರಡು ಅಂಗೈಗಳನ್ನೂ ಮೊಣಕಾಲ ಮೇಲೆ ಇಟ್ಟುಕೊಂಡ. ಬಾಯಿ ತೆರೆದ, ಮುಚ್ಚಿದ. ಮಧ್ಯಾಹ್ನದ ಬಿಸಿಲು ಅವಳ ಮುಖದ ಮೇಲೆ ಬಿತ್ತು, ಅವನು ಪರದೆ ಎಳೆಯಲು ಎದ್ದ. ಅವಳು ಅವನ ತೋಳು ಹಿಡಿದು ಕೂರಿಸಿದಳು. ಹಿಡಿದ ಕೈ ಬಿಡುವುದು ಮರೆತುಹೋಯಿತು.

ಅವಳು ಕಾದಳು. ಕೆಳತುಟಿಯನ್ನು ಹಲ್ಲಿನ ಕೆಳಗೆ ಬಂಧಿಸಿ ಕಾದಳು. ಅವನ ಕಣ್ಣಿನ ರೆಪ್ಪೆಗಳು ಇಷ್ಟು ಉದ್ದ ಎಂದು ಅವಳಿಗೆ ಇಷ್ಟು ದಿನ ಗೊತ್ತಿರಲಿಲ್ಲ. ಮಾತಾಡುತ್ತಾ ಇದ್ದರೆ ಕಾಣದ ಸಂಗತಿಗಳು ಎಷ್ಟೋ ಇದ್ದವು. ಉದಾಹರಣೆಗೆ, ಹೇಳಲಾಗದ ಹೊತ್ತಿನಲ್ಲೆಲ್ಲ ಅವನು ಬೇರೆ ಎಲ್ಲೂ ಅಲ್ಲ, ಅವಳನ್ನೇ ನೋಡುತ್ತಿದ್ದ.

ಕೊನೆಗೆ ಅವನು ಡ್ರಾಯರಿನ ಒಳಗೆ ಕೈಹಾಕಿದ. ಚಾರ್ಜರ್ ತೆಗೆದು ಮೇಜಿನ ಮೇಲಿಟ್ಟ. ಅದರ ಪಕ್ಕ ಮಾತ್ರೆಯ ಪಟ್ಟಿ, ಒಂದೂ ಮುಗಿದಿರಲಿಲ್ಲ. ಅದರ ಪಕ್ಕ ಹೂವಿನ ಕೊಡೆ, ನೀಟಾಗಿ ಮಡಿಸಿ ದಾರ ಕಟ್ಟಿದ್ದು.

“ಇದು ಯಾವುದನ್ನೂ... ನಾನು ಕೇಳಿರ್ಲಿಲ್ಲ,” ಎಂದ.

ಅವಳಿಗೆ ಅರ್ಥವಾಗಿಹೋಯಿತು. ಅವನ ವಾಕ್ಯದ ಉಳಿದದ್ದೆಲ್ಲ ನಾಲಿಗೆಯ ತುದಿಗೆ ಬಂದು ಕುಣಿಯಿತು. ಇನ್ನೊಂದು ಕ್ಷಣ ತಡೆದರೆ ಜೀವ ಹೋಗುತ್ತದೆ ಅನ್ನಿಸಿತು. ತಡೆದಳು.

“ಆವತ್ತು ಡೆಮೊದಲ್ಲಿ ನಿನ್ನ ಕಿವಿ ಕೆಂಪಾಯ್ತು. ಅದನ್ನ ನನಗೆ ನೋಡೋಕಾಗ್ಲಿಲ್ಲ. ಡೇಟಾಬೇಸ್ ಗೆಲ್ಲುತ್ತೋ ಸೋಲುತ್ತೋ, ಅದು ನನ್ನ ತಲೇಲಿ ಇರ್ಲಿಲ್ಲ. ನಿನ್ನ ಕಿವಿ ಇತ್ತು. ಆದ್ರೂ ಆ ಪ್ರೋಗ್ರಾಮ್ ಹಾಕಿದ್ದು ತಪ್ಪು. ನಿನ್ನ ಅಳತೆ ಹಾಳು ಮಾಡಿದೆ. ಆ ತಪ್ಪಿಗೆ ಸಾರಿ.” ಉಸಿರು ತೆಗೆದುಕೊಂಡ. ಒಳಮನೆಯಿಂದ ಹೊರಟದ್ದು ಬಾಗಿಲಿಗೆ ಬಂದಿತ್ತು. “ನನಗೆ ನಿನ್ನ ಜೊತೆ ಇರಬೇಕು. ಈ ಮೇಜಿನ ಹತ್ರ ಮಾತ್ರ ಅಲ್ಲ. ಬಸ್ ಸ್ಟಾಪಲ್ಲಿ, ಮನೇಲಿ, ವಯಸ್ಸಾದ ಮೇಲೂ. ನೀನು ಮಾತಾಡ್ತಾ ಇರಬೇಕು. ನಿನ್ನ ಮಾತು ನಿಂತ್ರೆ ನನಗೆ ತಲೆನೋವು ಬರುತ್ತೆ. ನಿನ್ನೆ ಬಂತು.”

ಅವನು ಅಷ್ಟು ಉದ್ದ ಮಾತಾಡಿದ್ದನ್ನು ಆ ಆಫೀಸಿನ ಗೋಡೆಗಳೂ ಕೇಳಿರಲಿಲ್ಲ.

ಈಗ ಅವಳ ಸರದಿ. ಮಿಕ್ಸಿಯ ಬಾಯಿಂದ ಒಂದು ಪದ ಹೊರಡಲಿಲ್ಲ. ಕಿವಿಗಳು ಕೆಂಪಾದವು, ಮೊದಲು ಬಲದ್ದು, ಆಮೇಲೆ ಎಡದ್ದು. ಅವನು ಅವಳಿಗೆ ಯಾವ ಪದವನ್ನೂ ಹುಡುಕಿಕೊಡಲಿಲ್ಲ. ಅವಸರವೇ ಇಲ್ಲದೆ, ಎಂದಿನಂತೆ, ನೋಡುತ್ತಾ ಕೂತ.

“ಹೂಂ,” ಎಂದಳು ಅವಳು, ಬಹಳ ಹೊತ್ತಿನ ಮೇಲೆ. ಆಮೇಲೆ ಡಬ್ಬಿಯನ್ನು ಕಾಲಿನಿಂದ ತಳ್ಳಿ, “ನಾಲ್ಕನೇ ಮಹಡಿ?” ಎಂದಳು.

“ಇನ್ನೂ ಇಲ್ಲ, ಡಬ್ಬಿ ತುಂಬಿದ್ದಷ್ಟೇ. ಬಾಸ್ ಹತ್ರ ಹೋಗಿದ್ದೆ. ‘ನನ್ನನ್ನ...’ ಅನ್ನೋಷ್ಟರಲ್ಲಿ ‘ರಜಾ ಬೇಕಾ? ತಗೋ’ ಅಂದ್ಬಿಟ್ರು.”

ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಅಜ್ಜನ ಕಿಟಕಿಯಿಂದ ಶುರುಮಾಡಿ ಬೆಳಗಿನದ್ದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಕೇಳುತ್ತಾ ಡಬ್ಬಿಯೊಳಗಿನ ಸಾಮಾನನ್ನು ಒಂದೊಂದಾಗಿ ವಾಪಸ್ ಡ್ರಾಯರಿಗೆ ಇಟ್ಟ. ಸಂಜೆಯೊಳಗೆ ಇಬ್ಬರೂ ಸೇರಿ ಸುತ್ತುವ ಚಕ್ರವನ್ನು ತೆಗೆದು, ಅಲ್ಲಿ ದೊಡ್ಡ ಅಕ್ಷರದಲ್ಲಿ ಮೇಡಂ ಹೇಳಿದ ಸಾಲನ್ನು ಬರೆದರು. ಧ್ವನಿ ಯಾರದಿರಲಿ ಎಂಬ ಪ್ರಶ್ನೆ ಬಂದಾಗ ಅವಳು ಅವನನ್ನೇ ಕೂರಿಸಿ ರೆಕಾರ್ಡ್ ಮಾಡಿದಳು. ಅವನ ಹಾಗೆ ನಿಧಾನವಾಗಿ, ನಂಬಿಕೆ ಬರುವಂತೆ ಆ ಮಾತು ಹೇಳುವವರು ಇಡೀ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ.

ಹೊರಡುವಾಗ ಅವಳು ಚಾರ್ಜರನ್ನೂ ಮಾತ್ರೆಯನ್ನೂ ಅವನ ಡ್ರಾಯರಿನಲ್ಲೇ ಬಿಟ್ಟಳು. “ಕೊಡೆ ಮಾತ್ರ ಅಮ್ಮನದು. ದಿನಾ ಬೈಸ್ಕೊಳ್ತಿದ್ದೀನಿ. ಬಾ, ನೀನೇ ಬಂದು ಕೊಡು.”

ಅವನ ಹೆಜ್ಜೆ ನಿಂತಿತು. ಆಮೇಲೆ ಅವಳ ಪಕ್ಕ ಬಂತು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಆದರೂ ಅವನು ಕೊಡೆ ಬಿಚ್ಚಿದ. ಇಬ್ಬರಿಗೂ ಹಿಡಿಸಿತು.

ಮನೆಯ ಬಾಗಿಲು ತೆರೆದವಳು ಅಮ್ಮ. ಮಗಳನ್ನು ನೋಡಿದಳು, ಮಗಳ ಪಕ್ಕದವನನ್ನು ನೋಡಿದಳು, ಅವನ ಕೈಯಲ್ಲಿದ್ದ ತನ್ನ ಹೂವಿನ ಕೊಡೆಯನ್ನು ನೋಡಿದಳು.

“ಯಾರಪ್ಪ ನೀನು?”

ಅವನು ಬಾಯಿ ತೆರೆದ. ಅಮ್ಮನನ್ನು ನೋಡಿದ. ಕೊಡೆ ನೋಡಿದ. ಮತ್ತೆ ಅಮ್ಮನನ್ನು ನೋಡಿದ.

“ಕೊಡೆ ರಿಪೇರಿಯವನಾ?” ಎಂದಳು ಅಮ್ಮ.

ಮಗಳು ಒಂದು ಬೆರಳು ಎತ್ತಿದಳು.

“ಸ್ವಲ್ಪ ತಾಳು ಅಮ್ಮ. ಅವನು ಹೇಳ್ತಾನೆ.”